ಎಲ್‌ಇಡಿ ದೀಪ ಪದೇ ಪದೇ ಸುಟ್ಟು ಹೋಗುವುದೇಕೆ?

ಗೋವಿಂದರಾಜನಗರದಲ್ಲಿ ಸಂಜೆ ಹೊತ್ತು ತರಕಾರಿ, ಹೂವು, ಬಜ್ಜಿ ಮಾರುವ ಗಾಡಿಗಳಲ್ಲಿ ಈಗ ಗ್ಯಾಸ್‌ಲೈಟಿನ ಸದ್ದಿಲ್ಲ. ಒಂದು 12 ವೋಲ್ಟ್ ಬ್ಯಾಟರಿ, ಅಲ್ಯೂಮಿನಿಯಂ ಪಟ್ಟಿಗೆ ಕೂರಿಸಿದ ಮೂರೋ ಆರೋ ಎಲ್‌ಇಡಿ, ಇಷ್ಟಿದ್ದರೆ ವ್ಯಾಪಾರಕ್ಕೆ ಸಾಕು. ಮನೆಯಲ್ಲೇ ಹೊಲಿಗೆ ಮಾಡುವ ಅಕ್ಕಂದಿರೂ ಕರೆಂಟ್ ಹೋದಾಗ ಮಿಷನ್ ಪಕ್ಕ ಇಂಥದ್ದನ್ನೇ ಇಟ್ಟುಕೊಳ್ಳುತ್ತಾರೆ. ಎಸ್.ಪಿ. ರೋಡಿನಿಂದ ಬಿಡಿಭಾಗ ತಂದು ಇವನ್ನು ಮಾಡಿಕೊಡುವವರು ಹೆಚ್ಚಾಗಿ ಐ.ಟಿ.ಐ., ಡಿಪ್ಲೊಮಾ ಓದುವ ನಮ್ಮ ಮಕ್ಕಳೇ.

ಇದು ಖುಷಿಯ ವಿಷಯ. ಆದರೆ ಮನೆ ಭೇಟಿಗೆ ಹೋದಾಗ ನಾವು ಮತ್ತೆ ಮತ್ತೆ ಕೇಳುವ ಮಾತು: “ಸಿಸ್ಟರ್, ಎರಡು ತಿಂಗಳಿಗೇ ಲೈಟ್ ಹೋಯ್ತು, ಮಾಲೇ ಸರಿಯಿಲ್ಲ.” ಮಾಲು ಬದಲಾಯಿಸುತ್ತಾರೆ, ಅದೂ ಹೋಗುತ್ತದೆ. ದಿನದ ಬಡ್ಡಿಗೆ ಸಾಲ ತಂದು ಗಾಡಿ ತಳ್ಳುವವರಿಗೆ ಒಂದು ಸಂಜೆ ಕತ್ತಲಾದರೂ ಆವತ್ತಿನ ಕಂತು ತಪ್ಪುತ್ತದೆ. ಆದ್ದರಿಂದ ಹೊಸ ಎಲ್‌ಇಡಿ ಕೊಳ್ಳುವ ಮೊದಲು ಎರಡು ವಿಷಯ ನೋಡಿಕೊಳ್ಳಿ. ದೀಪದಲ್ಲಿ ಎಷ್ಟು ಕರೆಂಟ್ ಹರಿಯುತ್ತಿದೆ? ಅದರ ಬಿಸಿ ಎಲ್ಲಿಗೆ ಹೋಗುತ್ತಿದೆ?

ಎಲ್‌ಇಡಿಯ ಸ್ವಭಾವ ಹಳೇ ಬುರುಡೆ ಬಲ್ಬಿನಂತಲ್ಲ, ಕೆರೆ ಕೋಡಿಯ ಹಾಗೆ. ಕೋಡಿಯ ಮಟ್ಟ ಮುಟ್ಟುವ ತನಕ ಒಂದು ಹನಿಯೂ ಹೊರಗೆ ಬರುವುದಿಲ್ಲ. ಅದರ ಮೇಲೆ ಒಂದು ಗೇಣು ನೀರು ಏರಿದರೆ ಭೋರ್ಗರೆಯುತ್ತದೆ. 1 ವ್ಯಾಟಿನ ಬಿಳಿ ಎಲ್‌ಇಡಿಗೆ ಈ ಮಟ್ಟ ಸುಮಾರು 3.2 ವೋಲ್ಟ್. ಅಲ್ಲಿ ಅದು 300 ಮಿಲಿಆಂಪ್ ಸುತ್ತಮುತ್ತ ಕರೆಂಟ್ ತೆಗೆದುಕೊಳ್ಳುತ್ತದೆ. ವೋಲ್ಟೇಜ್ ಸ್ವಲ್ಪವೇ ಹೆಚ್ಚಾದರೂ ಕರೆಂಟ್ ಬಹಳ ಹೆಚ್ಚಾಗುತ್ತದೆ.

ಇಲ್ಲೇ ನಮ್ಮ ಹುಡುಗರ ಲೆಕ್ಕ ತಪ್ಪುವುದು. ಮೂರು ಎಲ್‌ಇಡಿ ಸಾಲಾಗಿ ಜೋಡಿಸಿದರೆ 9.6 ವೋಲ್ಟ್. ಬ್ಯಾಟರಿ 12 ಎಂದುಕೊಂಡರೆ ಉಳಿದದ್ದು 2.4. ಅದಕ್ಕೆ 8.2 ಓಮ್ ರೆಸಿಸ್ಟರ್ ಹಾಕಿದರೆ ಕರೆಂಟ್ 290 ಮಿಲಿಆಂಪ್ ಆಸುಪಾಸು. ಕಾಗದದ ಮೇಲೆ ಸರಿಯೇ. ಆದರೆ 12 ವೋಲ್ಟ್ ಬ್ಯಾಟರಿ ಎಂಬುದು ಹೆಸರಿಗೆ ಮಾತ್ರ. ತುಂಬಿದಾಗ ಅದು 12.6ಕ್ಕಿಂತ ಮೇಲಿರುತ್ತದೆ, ಚಾರ್ಜಿಗೆ ಹಾಕಿದಾಗ 14 ದಾಟುತ್ತದೆ. ಚಾರ್ಜ್ ಆಗುತ್ತಿರುವಾಗಲೇ ದೀಪ ಹಚ್ಚಿದರೆ ಅದೇ ರೆಸಿಸ್ಟರಿನಲ್ಲಿ ಹತ್ತಿರ ಹತ್ತಿರ 500 ಮಿಲಿಆಂಪ್ ಹರಿಯುತ್ತದೆ. “ಚಾರ್ಜಿಗೆ ಇಟ್ಟಾಗ ಭಾರಿ ಬೆಳಕು ಬರುತ್ತೆ” ಎಂದು ಸಂತೋಷಪಡುತ್ತಾರಲ್ಲ, ಆ ಬೆಳಕೇ ದೀಪದ ಆಯಸ್ಸನ್ನು ತಿನ್ನುವುದು. ರೆಸಿಸ್ಟರೇ ಇಲ್ಲದೆ ನೇರವಾಗಿ ಬ್ಯಾಟರಿಗೆ ಕೊಟ್ಟವರ ಕತೆ ಹೇಳಬೇಕಾಗಿಲ್ಲ.

ಕರೆಂಟ್ ಅಳೆಯಲು ಒಂದು ಸಾದಾ ಮಲ್ಟಿಮೀಟರ್ ಸಾಕು. ಮೀಟರನ್ನು ಆಂಪಿಯರಿಗೆ ತಿರುಗಿಸಿ ಬ್ಯಾಟರಿಯ ಎರಡು ತುದಿಗೆ ಮಾತ್ರ ಹಿಡಿಯಬೇಡಿ. ಫ್ಯೂಸ್ ಹೋಗುತ್ತದೆ, ಕಿಡಿ ಹಾರುತ್ತದೆ. ಅದಕ್ಕಿಂತ ಸುಲಭದ ದಾರಿ ಇದೆ. ಮೀಟರನ್ನು 20 ವೋಲ್ಟ್ ಡಿ.ಸಿ.ಗೆ ಇಟ್ಟು, ದೀಪ ಉರಿಯುತ್ತಿರುವಾಗ ರೆಸಿಸ್ಟರಿನ ಎರಡು ತುದಿಗೆ ಹಿಡಿಯಿರಿ. ಬಂದ ಅಂಕಿಯನ್ನು 8.2ರಿಂದ ಭಾಗಿಸಿದರೆ ಆಂಪಿಯರ್ ಸಿಗುತ್ತದೆ. 2.4 ತೋರಿಸಿದರೆ ಸರಿ, 4 ತೋರಿಸಿದರೆ ಅಪಾಯ. ಬ್ಯಾಟರಿ ಚಾರ್ಜ್ ಆಗುತ್ತಿರುವಾಗಲೂ ಒಮ್ಮೆ ಅಳೆಯಿರಿ. ರೆಸಿಸ್ಟರ್ 5 ವ್ಯಾಟಿನದ್ದೇ ಇರಲಿ. ಕಡ್ಡಿಯಂಥ ಕಾಲು ವ್ಯಾಟಿನದು ಕರಕಲಾಗುತ್ತದೆ. ಇದೆಲ್ಲಕ್ಕಿಂತ ಒಳ್ಳೆಯದು 300 ಮಿಲಿಆಂಪಿನ ಸಣ್ಣ ‘ಡ್ರೈವರ್’. ಬ್ಯಾಟರಿಯ ವೋಲ್ಟ್ ಏರಿದರೂ ಅದು ಕರೆಂಟನ್ನು ಒಂದೇ ಸಮ ಇಡುತ್ತದೆ. ದಿನವೂ ಚಾರ್ಜ್ ಮಾಡುವವರು ಇದಕ್ಕೆ ಹಣ ಹಾಕುವುದೇ ಲಾಭ.

ಇನ್ನು ಬಿಸಿಯ ವಿಷಯ. ಎಲ್‌ಇಡಿ ಮುಂದಿನಿಂದ ತಣ್ಣಗಿದೆ ಎಂದು ನಂಬಬೇಡಿ. ಅದು ಪಡೆದ ಶಕ್ತಿಯಲ್ಲಿ ಅರ್ಧಕ್ಕಿಂತ ಹೆಚ್ಚು ಶಾಖವಾಗುತ್ತದೆ, ಆ ಶಾಖ ಬೆಳಕಿನ ಜೊತೆ ಮುಂದೆ ಹೋಗದೆ ಬೆನ್ನಿನಲ್ಲೇ ನಿಲ್ಲುತ್ತದೆ. ಬಿಸಿಯಾದ ಎಲ್‌ಇಡಿಯ ಕೋಡಿ ಮಟ್ಟ ಇಳಿಯುತ್ತದೆ, ಆಗ ಅದು ಇನ್ನಷ್ಟು ಕರೆಂಟ್ ಎಳೆದು ಇನ್ನಷ್ಟು ಬಿಸಿಯಾಗುತ್ತದೆ. ಎರಡು ಸಾಲಿಗೆ ಒಂದೇ ರೆಸಿಸ್ಟರ್ ಹಾಕಿದಲ್ಲಿ ಆಗುವುದೇ ಇದು: ಬಿಸಿಯಾದ ಸಾಲು ಹೆಚ್ಚು ಕರೆಂಟ್ ಎಳೆದು ಮೊದಲು ಸುಡುತ್ತದೆ, ಆಮೇಲೆ ಪೂರ್ತಿ ಭಾರ ಎರಡನೆಯದರ ಮೇಲೆ ಬಿದ್ದು ಅದೂ ಹೋಗುತ್ತದೆ. ಸಾಲಿಗೊಂದು ರೆಸಿಸ್ಟರ್ ಬೇಕು.

ಎಲ್‌ಇಡಿಯನ್ನು ಡಬಲ್ ಸೈಡ್ ಟೇಪಿನಿಂದ ಅಂಟಿಸಿದರೆ ಶಾಖ ಪಟ್ಟಿಗೆ ಸರಿಯಾಗಿ ಇಳಿಯುವುದಿಲ್ಲ. ಶಾಖ ದಾಟಿಸುವ ಪೇಸ್ಟನ್ನು ತೆಳ್ಳಗೆ ಸವರಿ ಸ್ಕ್ರೂ ಬಿಗಿಯಿರಿ. ದಪ್ಪ ಮೆತ್ತಿದರೆ ಉಪಯೋಗವಿಲ್ಲ. ಮಳೆ ಬಂತೆಂದು ದೀಪಕ್ಕೇ ಪ್ಲಾಸ್ಟಿಕ್ ಕವರ್ ಸುತ್ತುತ್ತಾರೆ, ಶೀಟಿನ ಮನೆಯಲ್ಲಿ ಸೂರಿಗೇ ತಾಗಿಸಿ ಕಟ್ಟುತ್ತಾರೆ. ಎರಡೂ ಬೇಡ, ಬೆನ್ನಿಗೆ ಗಾಳಿ ಆಡಬೇಕು. ಅರ್ಧ ಗಂಟೆ ಉರಿಸಿ, ಆರಿಸಿ, ಪಟ್ಟಿಯ ಹಿಂಬದಿ ಬೆರಳಿಡಿ. ಐದು ಎಣಿಸುವಷ್ಟರಲ್ಲಿ ಕೈ ತೆಗೆಯಬೇಕೆನಿಸಿದರೆ ಪಟ್ಟಿ ಸಾಲದು, ಇಲ್ಲವೇ ಕರೆಂಟ್ ಹೆಚ್ಚಾಗಿದೆ. ಹತ್ತು ನಿಮಿಷ ಉರಿದು ಆರಿ, ತಣ್ಣಗಾದ ಮೇಲೆ ತಾನೇ ಹತ್ತಿದರೆ ಬೆಸುಗೆ ಬಿರುಕು ಬಿಟ್ಟಿದೆಯೇ ಎಂದು ನೋಡಿ.

ಇಷ್ಟೆಲ್ಲ ಹೇಳಿದ್ದು ಬ್ಯಾಟರಿ ದೀಪಕ್ಕೆ ಮಾತ್ರ. 2015ರಲ್ಲಿ ಕೇಂದ್ರದ ‘ಉಜಾಲಾ’, ರಾಜ್ಯದ ‘ಹೊಸ ಬೆಳಕು’ ಯೋಜನೆಗಳು ಶುರುವಾದ ಮೇಲೆ 9 ವ್ಯಾಟಿನ ಎಲ್‌ಇಡಿ ಬಲ್ಬು ಮನೆ ಮನೆಗೂ ಬಂತು. ಅಂಥ ಬಲ್ಬು ಕೆಟ್ಟಾಗ ಮುಚ್ಚಳ ತೆಗೆದು, ಸತ್ತ ಎಲ್‌ಇಡಿಗೆ ಬೆಸುಗೆ ಹಾಕಿ ಮತ್ತೆ ಉರಿಸುವ ಚಾಳಿ ಹುಡುಗರಲ್ಲಿದೆ. ಅನೇಕ ಬಲ್ಬುಗಳ ಒಳಗೆ 230 ವೋಲ್ಟಿನ ಲೈನು ನೇರವಾಗಿ ಎಲ್‌ಇಡಿ ಇರುವ ತಟ್ಟೆಗೇ ಬಂದಿರುತ್ತದೆ. ಮುಚ್ಚಳವಿಲ್ಲದೆ ಉರಿಸಿದ ಬಲ್ಬನ್ನು ಮುಟ್ಟಿದರೆ ಜೀವ ಹೋಗಬಹುದು. ಅದನ್ನು ಬಿಚ್ಚಬೇಡಿ, ಬೇರೆ ತನ್ನಿ.

ಬ್ಯಾಟರಿ ದೀಪದಲ್ಲೂ ಬೆಂಕಿಯ ಭಯ ಇದ್ದೇ ಇದೆ, ಅದು ಎಲ್‌ಇಡಿಗಿಂತ ಹೆಚ್ಚಾಗಿ ವೈರಿನಿಂದ. ಗಾಡಿ ಅಲುಗಾಡಿ ವೈರು ಕಬ್ಬಿಣಕ್ಕೆ ಉಜ್ಜಿ ಶಾರ್ಟ್ ಆದರೆ ಸಣ್ಣ ಬ್ಯಾಟರಿಯೂ ವೈರನ್ನು ಕೆಂಪಗೆ ಕಾಯಿಸಬಲ್ಲದು. ಬ್ಯಾಟರಿಯ ಪ್ಲಸ್ ತುದಿಯ ಹತ್ತಿರವೇ 1 ಆಂಪಿಯರ್ ಫ್ಯೂಸ್ ಹಾಕಿಸಿ. ಒಂದೆರಡು ಸಾಲಿನ ದೀಪಕ್ಕೆ ಅದು ಧಾರಾಳ. ಅದು ಪದೇ ಪದೇ ಹೋದರೆ ದೊಡ್ಡ ಫ್ಯೂಸ್ ಹಾಕಬೇಡಿ, ವೈರ್ ಎಲ್ಲಿ ಉಜ್ಜಿದೆ ಎಂದು ಹುಡುಕಿ.