ಸ್ನೇಹಾ ಸತ್ತ ರಾತ್ರಿ ನಮ್ಮ ರೂಮಿನಲ್ಲಿ

ಯಾದಗಿರಿಯ ನಮ್ಮ ಬಾಡಿಗೆ ರೂಮಿನಲ್ಲಿ ನಾವು ನಾಲ್ವರು. ಇಬ್ಬರು ಸುರಪುರದವರು, ಒಬ್ಬಳು ಹುಣಸಗಿಯವಳು, ನಾನು ಶಹಾಪುರದವಳು. ಎಲ್ಲರೂ ಡಿಗ್ರಿ ಮುಗಿಸಿ ಎಫ್‌ಡಿಎ, ಪಿಡಿಒ, ಕೆಎಎಸ್ ಅಂತ ಒಂದಿಲ್ಲೊಂದು ಪರೀಕ್ಷೆಗೆ ಓದುತ್ತಿರುವವರು. ರಾತ್ರಿ ಊಟದ ಹೊತ್ತಿಗೆ ತಂಬಿಗೆಗೆ ಮೊಬೈಲ್ ಆನಿಸಿಟ್ಟು, ರೊಟ್ಟಿ, ಶೇಂಗಾ ಹಿಂಡಿ ಜೊತೆ ಧಾರಾವಾಹಿ ನೋಡುವುದು ನಮ್ಮ ರೂಢಿ. ದಿನದಲ್ಲಿ ಪುಸ್ತಕ ಮುಚ್ಚಿಡುವ ಅರ್ಧ ಗಂಟೆ ಅದೊಂದೇ.

‘ಪುಟ್ಟಕ್ಕನ ಮಕ್ಕಳು’ 2021ರ ಡಿಸೆಂಬರ್‌ನಲ್ಲಿ ಜೀ ಕನ್ನಡದಲ್ಲಿ ಶುರುವಾದಾಗ ನಾವಿನ್ನೂ ಕಾಲೇಜಿನಲ್ಲಿದ್ದೆವು. ಹೆಣ್ಣುಮಕ್ಕಳನ್ನೇ ಹೆತ್ತಳೆಂದು ಗಂಡ ಬಿಟ್ಟ ಪುಟ್ಟಕ್ಕ ಮೆಸ್ ನಡೆಸಿ ಮೂವರನ್ನು ಸಾಕುತ್ತಾಳೆ. ಉಮಾಶ್ರೀ ಆಡುವುದು ಹಳೇ ಮೈಸೂರು ಸೀಮೆಯ ಮಾತು. ಆದರೂ ನಮ್ಮ ಅವ್ವಂದಿರಿಗೆ ಒಂದು ಪದವೂ ಬಿಡಿಸಿ ಹೇಳಬೇಕಾಗಲಿಲ್ಲ. ಎರಡನೇ ಮಗಳು ಸ್ನೇಹಾ ಓದುವವಳು, ಎದುರು ಮಾತಾಡುವವಳು, ಅಧಿಕಾರಿಯಾಗಬೇಕು ಎಂದವಳು. ಕೊನೆಗೆ ಡಿಸಿಯೂ ಆದಳು.

ಈ ಸ್ನೇಹಾಳಿಂದ ನಿಜವಾದ ಉಪಕಾರ ಆಗಿದ್ದು ನಮ್ಮ ರೂಮಿನ ಸುರಪುರದ ಗೆಳತಿಗೆ. ಡಿಗ್ರಿ ಮುಗಿದ ಕೂಡಲೇ ಮನೆಯಲ್ಲಿ ಮದುವೆ ಮಾತು ಎದ್ದಿತ್ತು. ಆಗ ಅವಳ ಅವ್ವ ಗಂಡನ ಎದುರು ನಿಂತು, ‘ಪುಟ್ಟಕ್ಕ ಮೆಸ್ ನಡೆಸಿ ಮಗಳನ್ನ ಡಿಸಿ ಮಾಡ್ತಾಳ. ನಮಗ ಎರಡ ಎಕರೆ ಹೊಲ ಅದ. ಎರಡ ವರ್ಷ ಓದ್ಲಿ ಬಿಡ್ರಿ’ ಅಂದಿದ್ದರಂತೆ. ಹಾಗೆ ಸಿಕ್ಕ ಎರಡು ವರ್ಷದಲ್ಲೇ ಅವಳು ನಮ್ಮ ರೂಮಿಗೆ ಬಂದಿದ್ದು.

2024ರ ಕೊನೆಯಲ್ಲಿ ಸ್ನೇಹಾ ಪಾತ್ರವನ್ನು ಸಾಯಿಸಿದರು. ಮರುದಿನ ಬೆಳಿಗ್ಗೆಯೇ ಊರಿನಿಂದ ಫೋನು. ‘ನೋಡವಾ, ಡಿಸಿ ಆದ್ರೂ ಆ ಹುಡುಗಿ ನಸೀಬಿನಾಗ ಇಷ್ಟೇ ಇತ್ತು. ಸಾಕ್ ಬಿಡು, ಊರಿಗಿ ಬಾ.’ ನಾವು ಮೊದಲು ನಕ್ಕೆವು. ಗೆಳತಿ ನಗಲಿಲ್ಲ.

ಪಾತ್ರ ಮಾಡುತ್ತಿದ್ದ ಸಂಜನಾ ಬುರ್ಲಿ ಓದಿನ ಕಾರಣಕ್ಕೆ ಧಾರಾವಾಹಿ ಬಿಟ್ಟಿದ್ದರು. ಓದಲೆಂದೇ ಮನೆ ಬಿಟ್ಟು ಬಂದ ನಾವು ಅದನ್ನು ತಪ್ಪು ಅನ್ನುವುದು ಹೇಗೆ? ನಮ್ಮ ಸಿಟ್ಟೆಲ್ಲ ಕತೆ ಬರೆದವರ ಮೇಲೆ. ಡಿಸಿಗೆ ವರ್ಗಾವಣೆ ಆಗುವುದಿಲ್ಲವೇ? ಮಸ್ಸೂರಿಗೆ ತರಬೇತಿಗೆ ಕಳಿಸಬಹುದಿತ್ತು. ‘ಜೊತೆ ಜೊತೆಯಲಿ’ಯಲ್ಲಿ 2022ರಲ್ಲಿ ಅನಿರುದ್ಧ ಹೊರಗೆ ಹೋದಾಗ ಹರೀಶ್ ರಾಜ್ ಬಂದರು. ಅದು ಎಷ್ಟು ಒಪ್ಪಿತು ಎಂಬುದು ಬೇರೆ ಮಾತು, ಕತೆಯಂತೂ ಮುಂದುವರಿಯಿತು. ಇಲ್ಲಿ ಸ್ನೇಹಾಳ ಹೃದಯವನ್ನು ಅದೇ ಹೆಸರಿನ ಇನ್ನೊಬ್ಬ ಹುಡುಗಿಗೆ ಕಸಿ ಮಾಡಿಸಿ, ನಾಯಕ ಕಂಠಿಯ ಕತೆಗೆ ದಾರಿ ಮಾಡಿಕೊಂಡರು. ಓದಿ ಮೇಲೆ ಬಂದ ಹುಡುಗಿಯ ಕತೆ ಅಲ್ಲಿಗೆ ಮುಗಿಯಿತು. ಅವಳು ಡಿಸಿಯಾದ ಮೇಲೂ ಕಚೇರಿಗಿಂತ ಮನೆಯ ಜಗಳವನ್ನೇ ಹೆಚ್ಚು ತೋರಿಸಿದರು ಎಂಬುದು ನಮ್ಮ ರೂಮಿನ ಹಳೆಯ ತಕರಾರು. ಅರ್ಜಿ ಹಿಡಿದು ಬಂದ ರೈತನ ಜೊತೆ ಡಿಸಿ ಹೇಗೆ ಮಾತಾಡುತ್ತಾಳೆ ಅಂತ ನೋಡಲು ನಾವು ಕಾಯುತ್ತಿದ್ದೆವು.

ವೆಬ್ ಸರಣಿಗಳಿಗೆ ಸೀಸನ್ ಇರುತ್ತದೆ. ಒಂದು ಸೀಸನ್ ಮುಗಿಸಿ, ಕೂತು ಯೋಚಿಸಿ, ಮುಂದಿನದು ಬರೆಯುತ್ತಾರೆ. ನಮ್ಮ ಧಾರಾವಾಹಿಗೆ ಆ ಬಿಡುವಿಲ್ಲ. ವಾರಕ್ಕೆ ಐದಾರು ಕಂತು, ಗುರುವಾರಕ್ಕೊಮ್ಮೆ ಟಿಆರ್‌ಪಿ. ಅಂಕಿ ಇಳಿದರೆ ಅಪಘಾತ, ಅಪಹರಣ, ನೆನಪು ಹೋಗುವುದು. ಹಾಗಾಗಿ ಒಂದೇ ಧಾರಾವಾಹಿಯಲ್ಲಿ ಮೂರು ತಿಂಗಳು ಒಳ್ಳೆಯ ಬರವಣಿಗೆ, ಆರು ತಿಂಗಳು ಎಳೆತ.

ಕಲರ್ಸ್ ಕನ್ನಡದ ‘ಭಾಗ್ಯಲಕ್ಷ್ಮೀ’ಯಲ್ಲೂ ಇದೇ ಆಯಿತು. ಸುಷ್ಮಾ ರಾವ್ ಅವರ ಭಾಗ್ಯ ತನ್ನ ಮಗಳ ಶಾಲೆಗೇ ಸೇರಿ ಹತ್ತನೇ ತರಗತಿ ಓದಲು ಹೊರಟ ಭಾಗವೇ ಅದರಲ್ಲಿ ಚಂದ. ಗಂಡ ತಾಂಡವನ ತಾತ್ಸಾರ, ಮಗಳ ನಾಚಿಕೆ, ಮಗನ ವಿರುದ್ಧ ಸೊಸೆಯ ಪರ ನಿಂತ ಅತ್ತೆ ಕುಸುಮಾ, ಎಲ್ಲವೂ ಕಂಡ ಮನೆಯಂತೆಯೇ ಇದ್ದವು. ಆಮೇಲೆ ತಾಂಡವ್-ಶ್ರೇಷ್ಠಾ ಪ್ರಕರಣವನ್ನು ಎಳೆದದ್ದೇ ಎಳೆದದ್ದು. ರೂಮಿನ ಹುಣಸಗಿಯವಳು ಮಾತ್ರ ಒಪ್ಪುವುದಿಲ್ಲ. ‘ಓದೋ ಹೆಣ್ಮಕ್ಕಳಿಗಿ ಮನಿ ಜಗಳ ಇರಲ್ಲೇನು? ಅದನ್ನೂ ತೋರಿಸ್ಲಿ’ ಅನ್ನುತ್ತಾಳೆ. ಜಗಳ ಇರಲಿ, ಆದರೆ ಸೋಮವಾರ ಬಗೆಹರಿದದ್ದೇ ಗುರುವಾರ ಮತ್ತೆ ಏಳಬೇಕೇ ಎಂಬುದು ನನ್ನ ವಾದ.

ಆ ಶಾಲೆಯ ಕಂತುಗಳು ನಮ್ಮಂಥ ಜಿಲ್ಲೆಗೆ ಎಷ್ಟು ಬೇಕಾಗಿದ್ದವು ಎನ್ನಲು ಒಂದು ಲೆಕ್ಕ ಸಾಕು. 2024ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಉಡುಪಿ ಶೇ 94 ಪಡೆದು ಮೊದಲು, ಯಾದಗಿರಿ ಶೇ 50.59ರೊಂದಿಗೆ ಕೊನೆ. ಅಂದರೆ ಇಬ್ಬರಲ್ಲಿ ಒಬ್ಬರು ಫೇಲು. ನನ್ನ ವೈನಿಯೂ ಹಿಂದೊಮ್ಮೆ ಹಾಗೆ ಎರಡು ವಿಷಯದಲ್ಲಿ ಉಳಿದು, ಮದುವೆಯಾಗಿ ಬಂದವರು. ಭಾಗ್ಯ ಚೀಲ ಹಾಕಿಕೊಂಡು ಶಾಲೆಗೆ ಹೋದದ್ದನ್ನು ನೋಡಿ ಒಂದು ದಿನ ಮೆಲ್ಲಗೆ ಕೇಳಿದರು: ‘ಆ ಫಾರ್ಮ್ ಎಲ್ಲಿ ಕೊಡ್ತಾರ್ರಿ?’ ಈಗ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಸಲ ಪರೀಕ್ಷೆ ಇದೆ ಎಂಬುದೇ ಅವರಿಗೆ ಗೊತ್ತಿರಲಿಲ್ಲ.

ಗ್ರಂಥಾಲಯದ ಹುಡುಗರು ‘ಧಾರಾವಾಹಿ ನೋಡಿ ಯಾರರ ಪಾಸಾಗ್ಯಾರೇನು?’ ಅಂತ ಚಾಷ್ಟಿ ಮಾಡುತ್ತಾರೆ. ಯಾರೂ ಆಗುವುದಿಲ್ಲ, ನಿಜ. ಆದರೆ ಪುಸ್ತಕ ಹಿಡಿಯುವುದಕ್ಕಿಂತ ಮೊದಲು ಮನೆಯಲ್ಲಿ ಒಂದು ಮಾತು ನಡೆಯಬೇಕಲ್ಲ, ಆ ಮಾತಿಗೆ ನಮ್ಮ ಅವ್ವಂದಿರ ಕೈಯಲ್ಲಿರುವ ಉದಾಹರಣೆ ಟಿವಿಯದೇ. ನಮ್ಮ ಓಣಿಯಲ್ಲಿ ಡಿಸಿಯಾದ ಹೆಣ್ಣುಮಗಳು ಯಾರಿದ್ದಾರೆ ತೋರಿಸಲು?

ಇನ್ನೊಂದು ಆಸೆಯೂ ಇದೆ. ಧಾರಾವಾಹಿಗಳಲ್ಲಿ ನಮ್ಮ ಕಡೆಯ ಮಾತು ಕೇಳಿಬಂದರೆ ಬಹಳ ಸಲ ಅದು ನಗಿಸಲಿಕ್ಕೆ. ಓದುವ ಹುಡುಗಿಯೊಬ್ಬಳು ‘ನಾ ಓದ್ತೀನ್ರಿ’ ಅಂತ ನಾಯಕಿಯಾಗಿ ಹೇಳಲಿ.

ಗೆಳತಿಯ ಕತೆ ಏನಾಯಿತು ಅಂತೀರಾ? ನಾವೇ ಫೋನು ಕಸಿದುಕೊಂಡು ಅವಳ ಅವ್ವನಿಗೆ ಹೇಳಿದೆವು: ‘ಯವ್ವಾ, ಆ ಹುಡುಗಿ ಸತ್ತಿಲ್ರಿ. ಓದಾಕ ಹೋಗ್ಯಾಳ.’ ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, ‘ಖರೇ ಏನು? ಹಂಗಾರ ಈಕಿನೂ ಓದ್ಲಿ’ ಅಂದರು. ಗೆಳತಿ ಇನ್ನೂ ನಮ್ಮ ರೂಮಿನಲ್ಲೇ ಇದ್ದಾಳೆ. ವೈನಿ ಒಂದು ವಿಷಯ ಪಾಸು ಮಾಡಿದ್ದಾರೆ, ಗಣಿತ ಬಾಕಿ ಇದೆ.