ಅಂಚಿನಲ್ಲಿ ಹರಿಯುವ ವಿದ್ಯುತ್ತು

ಠಾಣೆ, ಡೊಂಬಿವಲಿ, ಕಲ್ಯಾಣಗಳ ರೈಲುದಾರಿಯ ಮೇಲಣ ತಂತಿಯಲ್ಲಿ 25,000 ವೋಲ್ಟಿನ ವಿದ್ಯುತ್ತು ಹರಿಯುತ್ತದೆ. ಅದು ಕಂಬಕ್ಕೆ ಇಳಿಯದಂತೆ ತಡೆಯುವ ಬಿಲ್ಲೆಬಿಲ್ಲೆಯ ಅವಾಹಕಗಳನ್ನು ನಾವು ದಿನವೂ ಕಾಣುತ್ತೇವೆ. ವಾಹಕ, ಅವಾಹಕ ಎಂಬ ಪಂಗಡಗಳನ್ನು ಪಾಠದಲ್ಲಿಯೂ ಓದಿದ್ದೇವೆ. ಆದರೆ ಒಳಗೆಲ್ಲ ಅವಾಹಕವಾಗಿದ್ದು, ಅಂಚಿನಲ್ಲಿ ಮಾತ್ರ ವಿದ್ಯುತ್ತನ್ನು ಹರಿಯಗೊಡುವ ವಸ್ತುಗಳೂ ಉಂಟು. ಅವುಗಳಿಗೆ ಟೊಪಾಲಜೀಯ ಅವಾಹಕಗಳೆಂದು ಹೆಸರು. ಈ ವೈಚಿತ್ರ್ಯದ ಕಾರಣ ರೇಖಾಗಣಿತದಲ್ಲಿದೆ.

ಒಂದು ಚೆಂಡಿನ ನೆತ್ತಿಯ ಮೇಲೆ ಬೆಂಕಿಕಡ್ಡಿಯೊಂದನ್ನು ಅಡ್ಡಲಾಗಿ ಇಡೋಣ. ಅದರ ತಲೆ ತೋರುವ ದಿಕ್ಕಿನಲ್ಲಿಯೇ ಚೆಂಡಿನ ನಡುಗೆರೆಯವರೆಗೆ ಇಳಿಸೋಣ. ಬಳಿಕ ಕಡ್ಡಿಯನ್ನು ತಿರುಗಿಸದೆ ನಡುಗೆರೆಯ ಉದ್ದಕ್ಕೂ ಕಾಲು ಸುತ್ತು ಸರಿಸಿ, ನೇರವಾಗಿ ನೆತ್ತಿಗೆ ಮರಳಿಸೋಣ. ನಾವು ಎಲ್ಲಿಯೂ ತಿರುಗಿಸಲಿಲ್ಲ; ಆದರೂ ಕಡ್ಡಿ ಒಂದು ಲಂಬಕೋನದಷ್ಟು ತಿರುಗಿದೆ! ದಾರಿಯು ಸುತ್ತುವರಿದ ಕ್ಷೇತ್ರ ಹೆಚ್ಚಿದಷ್ಟೂ ಈ ತಿರುವು ಹೆಚ್ಚುತ್ತದೆ.

ಧ್ರುವೀಕೃತ ಬೆಳಕಿನ ಅಲೆಗಳಲ್ಲಿಯೂ ಇಂತಹ ತಿರುವುಂಟೆಂದು 1956ರಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ಎಸ್. ಪಂಚರತ್ನಂ ಅವರು ಕಂಡುಹಿಡಿದರು. ಆಗ ಅವರಿಗೆ 22 ವರ್ಷ. 1984ರಲ್ಲಿ ಇಂಗ್ಲೆಂಡಿನ ಮೈಕೆಲ್ ಬೆರಿಯವರು ಅಣುಜಗತ್ತಿನಲ್ಲಿಯೂ ಇದೇ ನಿಯಮವನ್ನು ಕಂಡರು. ಪಂಚರತ್ನಂ 1969ರಲ್ಲಿಯೇ ತೀರಿಕೊಂಡಿದ್ದರು. ಅವರ ಹಳೆಯ ಲೇಖನದ ಹಿರಿಮೆಯನ್ನು 1986ರಲ್ಲಿ ಎಸ್. ರಾಮಶೇಷನ್ ಮತ್ತು ರಾಜಾರಾಮ್ ನಿತ್ಯಾನಂದ ಅವರು ಎತ್ತಿ ತೋರಿಸಿದರು.

ಇನ್ನು, ಸುತ್ತುವ ದಾರಿಯು ಹಿಗ್ಗುತ್ತ ಹಿಗ್ಗುತ್ತ ಇಡೀ ಚೆಂಡನ್ನು ಆವರಿಸಿ, ಎದುರುಬದಿಯಲ್ಲಿ ಬಿಂದುವಾಗಿ ಕುಗ್ಗಿತೆನ್ನೋಣ. ಆಗ ಕಡ್ಡಿ ನಡೆಯಲು ದಾರಿಯೇ ಇಲ್ಲ. ಆದುದರಿಂದ ಒಟ್ಟು ತಿರುವು ಪೂರ್ಣ ಸುತ್ತುಗಳೇ ಆಗಿರಬೇಕು. ಅರ್ಧ ಸುತ್ತು ಸಲ್ಲದು. ಬಲವಾದ ಕಾಂತಕ್ಷೇತ್ರದಲ್ಲಿರುವ ಎಲೆಕ್ಟ್ರಾನುಗಳ ಅಲೆಗಳಿಗೂ ಇಂತಹ ಪೂರ್ಣಾಂಕವುಂಟೆಂದು 1982ರಲ್ಲಿ ಡೇವಿಡ್ ಥೌಲೆಸ್ ಮತ್ತು ಸಂಗಡಿಗರು ತೋರಿಸಿದರು. ಕಾಂತವಿಲ್ಲದೆಯೂ ಅವಾಹಕಗಳಲ್ಲಿ ‘ಸರಿ’, ‘ಬೆಸ’ ಎಂಬ ಎರಡು ಬಗೆಗಳಿರಬಲ್ಲವೆಂದು 2005ರಲ್ಲಿ ಕೇನ್ ಮತ್ತು ಮೆಲೆ ತಿಳಿಸಿದರು.

ಉದ್ದಿನ ವಡೆಯನ್ನು ಎಷ್ಟು ಅದುಮಿದರೂ, ಹರಿಯದಿರುವವರೆಗೆ ಅದರ ತೂತು ಒಂದೇ. ಹಾಗೆಯೇ ಹರಳಿನಲ್ಲಿ ಅಲ್ಪಸ್ವಲ್ಪ ಕಲ್ಮಶವಿದ್ದರೂ ಈ ಗುರುತು ಅಳಿಯದು. ಆದರೆ ಗಾಳಿಯ ಗುರುತು ‘ಸರಿ’. ‘ಬೆಸ’ದ ಹರಳು ಮುಗಿದು ಗಾಳಿ ಮೊದಲಾಗುವಲ್ಲಿ ಗುರುತು ಬದಲಾಗಲೇಬೇಕು, ಮೆಲ್ಲಮೆಲ್ಲನೆ ಬದಲಾಗಲು ಅದಕ್ಕೆ ಬಾರದು. ಆದುದರಿಂದ ಅವಾಹಕತೆಯೇ ಅಲ್ಲಿ ಮುರಿದು, ಅಂಚಿನಲ್ಲಿ ವಿದ್ಯುತ್ತಿಗೆ ಹಾದಿ ತೆರೆಯುತ್ತದೆ. 2007ರಲ್ಲಿ ಜರ್ಮನಿಯ ವಿಜ್ಞಾನಿಗಳು ಪಾದರಸ ಮತ್ತು ಟೆಲ್ಯೂರಿಯಮ್ಮುಗಳ ಸಂಯುಕ್ತದ ತೆಳುಪದರದಲ್ಲಿ ಇದನ್ನು ಪ್ರಯೋಗದಿಂದ ಸಿದ್ಧಪಡಿಸಿದರು.

ಚೆಂಡು, ಬೆಂಕಿಕಡ್ಡಿಗಳು ನಮ್ಮೆಲ್ಲರ ಮನೆಗಳಲ್ಲಿಯೂ ಉಂಟು. ಈ ಗಣಿತದ ಮೊದಲ ಪಾಠಕ್ಕೆ ಅಷ್ಟು ಸಾಕು.