ಬೆಳೆಗಾರರ ಕೂಟವೊಂದನ್ನು ಮುಚ್ಚಿದ ಬಗೆ



ತಿಪಟೂರು ಮತ್ತು ತುರುವೇಕೆರೆ ತಾಲ್ಲೂಕುಗಳ ಗಡಿಯಲ್ಲಿರುವ ನಮ್ಮ ಐದು ಹಳ್ಳಿಗಳ ತೆಂಗು ಬೆಳೆಗಾರರ ಕೂಟವನ್ನು 2025ರ ಆಗಸ್ಟ್ ತಿಂಗಳಲ್ಲಿ ಮುಚ್ಚಿದೆವು. ಇಪ್ಪತ್ತೈದು ವರ್ಷ ನಡೆದ ಕೂಟ. ಮೊದಲಿನಿಂದ ಕಡೆಯವರೆಗೂ ಅದರ ಬರವಣಿಗೆಯ ಕೆಲಸ ನನ್ನ ಪಾಲಿಗೇ ಇತ್ತು. ಸುದ್ದಿ ತಿಳಿದ ಕಾಫಿ ಸೀಮೆಯ ಮಿತ್ರರೊಬ್ಬರು "ಜಗಳವಾಯಿತೇನ್ರೀ?" ಎಂದು ಕೇಳಿದರು. ಇನ್ನೊಬ್ಬರು "ದುಡ್ಡು ಹೋಯಿತೇ?" ಎಂದರು. ಈ ಎರಡರ ಹೊರತು ಮೂರನೆಯ ಕಾರಣದಿಂದ ಒಂದು ಸಂಘ ನಿಲ್ಲಬಹುದೆಂದು ನಮ್ಮವರಿಗೆ ತೋಚುವುದೇ ಇಲ್ಲ. ಹೊಸ ಸಂಘದ ಉದ್ಘಾಟನೆಯ ಸುದ್ದಿಗೆ ನಮ್ಮ ಪತ್ರಿಕೆಯಲ್ಲಿ ಯಾವಾಗಲೂ ಜಾಗವಿದೆ. ಮುಚ್ಚಿದ್ದರ ವೃತ್ತಾಂತಕ್ಕೂ ಒಮ್ಮೆ ಜಾಗ ಸಿಗಲೆಂದು ಇದನ್ನು ಬರೆಯುತ್ತಿದ್ದೇನೆ.

ಕೂಟ ಹುಟ್ಟಿದ್ದು ನುಸಿಯ ಕಾಲದಲ್ಲಿ. 1998ರಲ್ಲಿ ಕೇರಳದಲ್ಲಿ ಕಾಣಿಸಿಕೊಂಡ ನುಸಿ ಪೀಡೆ ಬಹು ಬೇಗ ನಮ್ಮ ಸೀಮೆಗೂ ಇಳಿಯಿತು. ಎಳೆಗಾಯಿಯ ತೊಟ್ಟಿನ ಬಳಿ ಕಂದು ಕಲೆ, ಬಿರುಕು, ಕಾಯಿ ಕುಗ್ಗಿ ನಿಂಬೆಯಂತಾಗುವುದು — ಆ ವರ್ಷಗಳಲ್ಲಿ ತೋಟಕ್ಕೆ ಹೋಗಲೇ ಮನಸ್ಸಾಗುತ್ತಿರಲಿಲ್ಲ. ಬೇವಿನೆಣ್ಣೆ ಸಿಂಪಡಿಸಬೇಕು, ಬೇರಿನ ಮೂಲಕ ಔಷಧಿ ಉಣಿಸಬೇಕು ಎಂದು ತಜ್ಞರು ಹೇಳಿದರು. ಒಬ್ಬನ ತೋಟಕ್ಕೆ ಹೊಡೆದು ಪಕ್ಕದವನ ತೋಟ ಬಿಟ್ಟರೆ ಫಲವಿಲ್ಲ. ಮರ ಹತ್ತುವವರು ಸಿಗುವುದಿಲ್ಲ. ಆದ್ದರಿಂದ ಒಟ್ಟಾದೆವು. ನೋಂದಣಿ ಮಾಡಿಸಲಿಲ್ಲ. ಒಂದು ನಡವಳಿ ಪುಸ್ತಕ, ಮೂವರ ಹೆಸರಿನಲ್ಲಿ ಒಂದು ಬ್ಯಾಂಕ್ ಖಾತೆ, ಅಷ್ಟೇ.

ಹಣ ಕೇಳಿದರೆ ರೈತ ಹಿಂದೆ ಸರಿಯುತ್ತಾನೆ, ಕಾಯಿ ಕೇಳಿದರೆ ಕೊಡುತ್ತಾನೆ. ಆದ್ದರಿಂದ ನೂರು ಕಾಯಿಗೆ ಎರಡು ಕಾಯಿ ಕೂಟಕ್ಕೆ ಎಂದು ನಿಯಮ ಮಾಡಿದೆವು. ಮಲೆನಾಡಿನ ಓದುಗರಿಗಾಗಿ ಒಂದು ಮಾತು: ನಮ್ಮಲ್ಲಿ ಕಾಯನ್ನು ಒಡೆದು ಬಿಸಿಲಿಗೆ ಹಾಕುವುದಿಲ್ಲ. ಬಲಿತ ಕಾಯನ್ನು ಮಟ್ಟೆ ಸಮೇತ ಅಟ್ಟಕ್ಕೇರಿಸಿ ಹತ್ತು ಹನ್ನೆರಡು ತಿಂಗಳು ಬಿಡುತ್ತೇವೆ. ಒಳಗಿನ ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು, ಅಲುಗಾಡಿಸಿದರೆ ಗೊಟಗೊಟ ಸದ್ದು ಬರಬೇಕು. ಆಗ ಸುಲಿದು, ಚಿಪ್ಪು ಒಡೆದು, ಇಡೀ ಉಂಡೆಯಾಗಿ ತೆಗೆದದ್ದೇ ತಿಪಟೂರು ಕೊಬ್ಬರಿ. ಕೂಟದ ಕಾಯಿಗಳು ಸದಸ್ಯರೊಬ್ಬರ ಅಟ್ಟದಲ್ಲಿ ವರ್ಷಪೂರ್ತಿ ಒಣಗಿ, ತಿಪಟೂರಿನ ಹರಾಜಿಗೆ ಹೋಗಿ, ಆ ದುಡ್ಡಿನಲ್ಲಿ ಔಷಧಿ, ಸಿಂಪಡಣೆ ಯಂತ್ರ, ಮುಂದೆ ಒಂದು ತೂಕದ ಯಂತ್ರ, ಟಾರ್ಪಾಲು ಇತ್ಯಾದಿ ಬಂದವು. ನುಸಿಯ ಹಾವಳಿ ತಗ್ಗಿದ ಮೇಲೆ ಕೊಬ್ಬರಿಯನ್ನು ಒಟ್ಟಿಗೆ ಸಾಗಿಸಿದೆವು, ಧಾರಣೆ ವಿಚಾರಿಸಿ ಮನೆಮನೆಗೆ ತಿಳಿಸಿದೆವು. ಒಳ್ಳೆಯ ದಿನಗಳು ಅವು.

ಕೂಟದ ಕೆಲಸ ಒಂದೊಂದಾಗಿ ಬೇರೆಯವರ ಕೈಗೆ ಹೋಯಿತು. ಮಾರುಕಟ್ಟೆಯಲ್ಲಿ ವಿದ್ಯುನ್ಮಾನ ಟೆಂಡರ್ ಬಂದ ಮೇಲೆ ಧಾರಣೆ ಅದೇ ದಿನ ಎಲ್ಲರ ಫೋನಿನಲ್ಲಿ ಕಾಣತೊಡಗಿತು. ನಾಫೆಡ್ ಖರೀದಿಗೆ ಹಿಡುವಳಿದಾರನ ಹೆಸರಿನಲ್ಲಿಯೇ ನೋಂದಣಿಯಾಗಬೇಕು, ಕೂಟಕ್ಕೆ ಅಲ್ಲಿ ಸ್ಥಾನವಿಲ್ಲ. ಬರಗಾಲಗಳಲ್ಲಿ ಸುಳಿ ಒಣಗಿ ಮರ ಕಳೆದುಕೊಂಡವರು ಕೆಲವರು, ತೋಟ ಮಾರಿ ಬೆಂಗಳೂರು ಸೇರಿದವರು ಕೆಲವರು, ತೀರಿಕೊಂಡವರು ಹಲವರು. ಸಭೆಗೆ ಏಳು ಜನ ಬಂದರೆ ಹೆಚ್ಚು. ಅವರೂ ಕಾಫಿ ಕುಡಿದು, ಮಳೆಯ ಮಾತಾಡಿ, ಎದ್ದು ಹೋಗುತ್ತಿದ್ದರು. ಇದು 2018ರ ಸುಮಾರಿಗೇ ನನಗೆ ಕಂಡಿತ್ತು. ಆದರೂ ಐದಾರು ವರ್ಷ ಎಳೆದೆ. ಕಾರಣ ಏನೆಂದರೆ ಊರಿನಲ್ಲಿ ನನ್ನನ್ನು ಕರೆಯುತ್ತಿದ್ದದ್ದೇ ಕಾರ್ಯದರ್ಶಿಗಳು ಎಂದು. ಇದನ್ನು ಒಪ್ಪಿಕೊಳ್ಳಲು ಸಂಕೋಚವಾಗುತ್ತದೆ, ಆದರೆ ನಿಜ.

2024ರ ಜನವರಿಯಲ್ಲಿ ಕಡೆಗೂ ಎಲ್ಲ ಸದಸ್ಯರಿಗೂ, ಬಿಟ್ಟುಹೋದವರಿಗೂ, ತೀರಿಕೊಂಡವರ ಮನೆಯವರಿಗೂ ಕಾಗದ ಬರೆದು ಸಭೆ ಕರೆದೆ. ಆಗ ಕೊಬ್ಬರಿಗೆ ಕೆಟ್ಟ ಕಾಲ. 2023ರ ಹಂಗಾಮಿಗೆ ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಾಲಿಗೆ 11,750 ರೂಪಾಯಿ ಇದ್ದರೂ ಆ ವರ್ಷದ ಕೊನೆಯಲ್ಲಿ ಮಾರುಕಟ್ಟೆಯಲ್ಲಿ ಎಂಟು ಒಂಬತ್ತು ಸಾವಿರದ ಆಸುಪಾಸಿನಲ್ಲಿ ಒದ್ದಾಡುತ್ತಿತ್ತು. ಮುಚ್ಚುವ ಸಲಹೆಗೆ ಯಾರೂ ಹೆಚ್ಚು ಎದುರಾಡಲಿಲ್ಲ. ಒಬ್ಬ ಹಿರಿಯರು ಮಾತ್ರ, "ಕಟ್ಟಿದ್ದನ್ನು ಕೈಯಾರೆ ಕೆಡವಬಾರದಪ್ಪಾ" ಎಂದು ಕಣ್ಣೀರು ತಂದುಕೊಂಡರು.

ಅವರಿಗೆ ಉತ್ತರ ಕೊಟ್ಟವರು ಸಭೆಯಲ್ಲಿದ್ದ ನಿವೃತ್ತ ಉಪಾಧ್ಯಾಯರು. ಅವರು ಬೆಳಗಾವಿ ಜಿಲ್ಲೆಯ ಹುದಲಿಯ ಸಂಗತಿ ತೆಗೆದರು. ಗಂಗಾಧರರಾವ್ ದೇಶಪಾಂಡೆಯವರ ಊರಾದ ಆ ಹುದಲಿಯಲ್ಲಿ 1937ರ ಏಪ್ರಿಲ್‌ನಲ್ಲಿ ಗಾಂಧೀ ಸೇವಾ ಸಂಘದ ಸಮ್ಮೇಳನ ನಡೆದು ಗಾಂಧೀಜಿಯವರೇ ಬಂದಿದ್ದರು. ರಚನಾತ್ಮಕ ಕಾರ್ಯಕ್ಕೆಂದು 1923ರಲ್ಲಿ ಹುಟ್ಟಿದ ಸಂಘದ ಸದಸ್ಯರು ಶಾಸನಸಭೆಗೆ ಹೋಗಬಹುದೇ ಎಂಬ ಚರ್ಚೆ ಅಲ್ಲಿ ನಡೆಯಿತು. ರಾಜಕೀಯದ ಸೋಂಕು ಬೆಳೆಯುತ್ತ ಹೋದದ್ದನ್ನು ಕಂಡು, ಮೂರೇ ವರ್ಷಗಳಲ್ಲಿ, 1940ರ ಫೆಬ್ರವರಿಯಲ್ಲಿ ಬಂಗಾಳದ ಮಾಲಿಕಂದಾ ಸಮ್ಮೇಳನದಲ್ಲಿ, ಸಂಘವನ್ನು ವಿಸರ್ಜಿಸಿರೆಂದು ಸ್ವತಃ ಗಾಂಧೀಜಿ ಸಲಹೆಯಿತ್ತರು. ಅಧ್ಯಕ್ಷರಾಗಿದ್ದ ಕಿಶೋರಲಾಲ ಮಶ್ರುವಾಲಾ ಮೊದಲಾದವರು ಅದನ್ನು ಒಪ್ಪಿದರು. ಹೆಸರು ಉಳಿಸಿಕೊಂಡು ಒಂದು ಸಣ್ಣ ಮಂಡಲಿ ಮಾತ್ರ ಉಳಿಯಿತು. "ತಮ್ಮ ಹೆಸರಿನ ಸಂಘವನ್ನೇ ಅವರು ಮುಚ್ಚಿರೆಂದ ಮೇಲೆ ನಮ್ಮ ತೂಕದ ಯಂತ್ರದ ಸಂಘ ಯಾವ ಲೆಕ್ಕ?" ಎಂದರು ಉಪಾಧ್ಯಾಯರು. ಹಿರಿಯರು ನಕ್ಕರು, ಸಹಿ ಹಾಕಿದರು.

ತೊಡಕು ಶುರುವಾದದ್ದು ಆಮೇಲೆ. ಅಟ್ಟದಲ್ಲಿ ಕಾಯಿ ಇರುವಾಗ ಲೆಕ್ಕ ಮುಗಿಯುವುದಿಲ್ಲ. ಕಾಫಿ ಬೆಳೆಗಾರರಿಗೆ ಇದು ತಕ್ಷಣ ಅರ್ಥವಾಗುತ್ತದೆ. ಯುದ್ಧಕಾಲದಲ್ಲಿ ಹುಟ್ಟಿದ ಕಾಫಿ ಮಂಡಳಿಯ ಪೂಲ್ ಪದ್ಧತಿ 1992-93ರಿಂದ ಹಂತಹಂತವಾಗಿ ಸಡಿಲಗೊಂಡು 1996ರ ಸೆಪ್ಟೆಂಬರಿನಲ್ಲಿ ಪೂರ್ತಿ ಕೊನೆಗೊಂಡಿತಷ್ಟೆ. ಪೂಲಿಗೆ ಕೊಟ್ಟ ಕಾಫಿಗೆ ಪಾಯಿಂಟಿನ ಲೆಕ್ಕದಲ್ಲಿ ಕಂತುಕಂತಾಗಿ ಹಣ ಬರುತ್ತಿದ್ದ ಕಾಲವನ್ನು ಕಂಡವರು ನಮ್ಮ ಸದಸ್ಯರಲ್ಲಿ ಇನ್ನೂ ಇದ್ದಾರೆ. ಹೊರಗೆ ಬಂದೆನೆಂದು ಹೇಳುವುದು ಒಂದು ದಿನದ ಮಾತು, ಹಿಂದಿನ ಬಾಬ್ತು ತೀರುವುದು ಬೇರೆಯೇ ಮಾತು.

ನಾವು 2024ರ ಮೇ ತಿಂಗಳಲ್ಲಿ ಕೂಟದ ಕಡೆಯ ಕಾಯಿಗಳನ್ನು ಅಟ್ಟಕ್ಕೇರಿಸಿ, ಅವು ಕೊಬ್ಬರಿಯಾದ ಮೇಲೆ ಮಾರಿ, ಹಣ ಹಂಚಿ ಮುಚ್ಚುವುದೆಂದು ಠರಾವು ಮಾಡಿದ್ದೆವು. ಕಾಯಿ ಒಣಗುವಷ್ಟರಲ್ಲಿ ಕಾಲ ಬದಲಾಯಿತು. ಇಳುವರಿ ಕುಸಿದು, ಎಳನೀರಿಗೆ ಕಾಯಿ ಹರಿದುಹೋಗಿ, 2025ರ ಮಧ್ಯಭಾಗಕ್ಕೆ ಕೊಬ್ಬರಿ ಕ್ವಿಂಟಾಲಿಗೆ ಇಪ್ಪತ್ತು ಸಾವಿರ ದಾಟಿತು. ಜನವರಿಯ ಸಭೆಗೆ ಬಾರದಿದ್ದವರೆಲ್ಲ ಈಗ ಬಂದರು. ಕೆಲವರು ಕೂಟ ಮುಚ್ಚಲೇಬಾರದು ಎಂದರು. ಕೆಲವರು ಹತ್ತು ವರ್ಷದ ಹಿಂದೆ ಬಿಟ್ಟವರಿಗೆ ಕವಡೆಯೂ ಇಲ್ಲ ಎಂದರು. ಬಿಟ್ಟವರ ಮನೆಯಿಂದ ಬಂದ ಒಬ್ಬ ಹೆಣ್ಣುಮಗಳು, "ನಮ್ಮ ಯಜಮಾನರು ಇದ್ದಾಗ ಕೊಟ್ಟ ಕಾಯಿ ಕಾಯಲ್ಲವೇ? ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರನೇ?" ಎಂದು ನೇರವಾಗಿ ನನ್ನನ್ನೇ ಕೇಳಿದರು. ಅವರ ಮಾತು ನ್ಯಾಯವಾಗಿತ್ತು.

ಆ ರಾತ್ರಿ ಕಾಯಿಯ ಪುಸ್ತಕ ತೆಗೆದು ಕೂತೆ. ಯಾರು ಯಾವ ವರ್ಷ ಎಷ್ಟು ಕಾಯಿ ಕೊಟ್ಟರೆಂಬುದು ಅದರಲ್ಲಿರಬೇಕು. 2006ರಿಂದ 2009ರವರೆಗಿನ ಹಾಳೆಗಳು ಖಾಲಿ! ಎಲ್ಲ ತಲೆಯಲ್ಲಿದೆ, ನಿಧಾನವಾಗಿ ಬರೆದರಾಯಿತೆಂದು ಬಿಟ್ಟಿದ್ದೆ. ತಲೆಯಲ್ಲಿದ್ದದ್ದು ಎಂದೋ ಅಳಿಸಿಹೋಗಿತ್ತು. ಪುಸ್ತಕ ಗೆದ್ದಲು ತಿಂದಿತೆಂದು ಹೇಳಿಬಿಡಬಹುದಿತ್ತು, ಆ ಯೋಚನೆ ಬಂದದ್ದೂ ಹೌದು. ಮಾರನೆಯ ಸಭೆಯಲ್ಲಿ ಇದ್ದದ್ದನ್ನು ಇದ್ದಂತೆ ಹೇಳಿದೆ. ಕೂಗಾಟವಾಯಿತು. ಕಡೆಗೆ ಒಪ್ಪಿದ್ದು ಹೀಗೆ: ಬ್ಯಾಂಕಿನಲ್ಲಿದ್ದ ಹಳೆಯ ಹಣ ಇದ್ದವರು, ಬಿಟ್ಟವರು, ತೀರಿಕೊಂಡವರು ಎಲ್ಲರಿಗೂ, ಕೊಟ್ಟ ಕಾಯಿಯ ಪ್ರಮಾಣದಲ್ಲಿ, ದಾಖಲೆಯಿಲ್ಲದ ನಾಲ್ಕು ವರ್ಷಕ್ಕೆ ಆಗ ಅವರಿಗಿದ್ದ ಮರಗಳ ಲೆಕ್ಕದಲ್ಲಿ, ಅಟ್ಟದ ಕೊಬ್ಬರಿಯ ಹಣ ಮಾತ್ರ ಆ ವರ್ಷ ಕಾಯಿ ಕೊಟ್ಟವರಿಗೆ. ಆ ನಾಲ್ಕು ವರ್ಷ ತುಂಬ ಕಾಯಿ ಕೊಟ್ಟ ಇಬ್ಬರಿಗೆ ಇದರಿಂದ ನಷ್ಟವಾಯಿತು. ಅವರು ಇಂದಿಗೂ ನನ್ನೊಡನೆ ಮಾತು ಬಿಟ್ಟಿದ್ದಾರೆ. ಅವರನ್ನು ತಪ್ಪೆನ್ನಲಾರೆ.

ನೋಂದಾಯಿತ ಸಹಕಾರ ಸಂಘವಾಗಿದ್ದರೆ ದಾರಿ ಬೇರೆ. 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆಯಂತೆ ನಿಬಂಧಕರು ಸಮಾಪನೆಯ ಆದೇಶ ಮಾಡಿ ಸಮಾಪನಾಧಿಕಾರಿಯನ್ನು ನೇಮಿಸುತ್ತಾರೆ, ಆಸ್ತಿ, ಸಾಲ, ಲೆಕ್ಕಪತ್ರ ಎಲ್ಲವೂ ಅವರ ವಶಕ್ಕೆ ಹೋಗುತ್ತವೆ. ನಮ್ಮಂಥ ನೋಂದಣಿಯಿಲ್ಲದ ಕೂಟಕ್ಕೆ ಅಂಥ ಮೂರನೆಯವನಿಲ್ಲ. ಬರೆದಿಟ್ಟವನೇ ಗುಮಾಸ್ತ, ಅವನೇ ನ್ಯಾಯಾಧೀಶ, ಅವನೇ ಆಪಾದಿತ. ಇಂಥ ಕೂಟ ನಡೆಸುವವರು ನಮ್ಮ ಸದಸ್ಯರಲ್ಲಿ ಹಲವರಿದ್ದಾರೆಂದು ಬಲ್ಲೆ. ಪುಸ್ತಕವನ್ನು ಆಯಾ ವರ್ಷವೇ ತುಂಬಿ ಇನ್ನಿಬ್ಬರಿಂದ ಸಹಿ ಹಾಕಿಸಿರಿ. ಬಿಟ್ಟುಹೋಗುವವರ ಲೆಕ್ಕವನ್ನು ಅವರು ಹೋಗುವ ದಿನವೇ ತೀರಿಸಿರಿ. ಬೆಲೆ ಏರಿದ ಮೇಲೆ ಅದನ್ನು ಮಾಡಹೊರಟರೆ ನಮ್ಮ ಪಾಡೇ ನಿಮ್ಮದೂ ಆದೀತು.

ಜೂನ್ ಕೊನೆಯಲ್ಲಿ ಕೊಬ್ಬರಿ ಮಾರಿದೆವು. ತೂಕದ ಯಂತ್ರವನ್ನು ಪಕ್ಕದ ಊರಿನ ಹಾಲು ಉತ್ಪಾದಕರ ಸಂಘಕ್ಕೆ ಕೊಟ್ಟೆವು, ಟಾರ್ಪಾಲನ್ನು ದೇವಸ್ಥಾನಕ್ಕೆ. ಸಿಂಪಡಣೆ ಯಂತ್ರ ಕೇಳುವವರಿಲ್ಲದೆ ಗುಜರಿಗೆ ಹೋಯಿತು. ಆಗಸ್ಟಿನ ಕಡೆಯ ಸಭೆಗೆ ಕೂಟದ ಇತಿಹಾಸದಲ್ಲೇ ಕಾಣದಷ್ಟು ಜನ ಬಂದಿದ್ದರು. ಹೋಳಿಗೆ ಊಟವೂ ಆಯಿತು.

ಒಂದು ಪಾಲು ಮಾತ್ರ ಇನ್ನೂ ಬಟವಾಡೆಯಾಗಿಲ್ಲ. ಆ ಸದಸ್ಯರು ತೀರಿಕೊಂಡಿದ್ದಾರೆ, ಮಗ ಹೊರದೇಶದಲ್ಲಿದ್ದಾನೆ, ಬರೆದ ಎರಡು ಕಾಗದಗಳಿಗೂ ಉತ್ತರವಿಲ್ಲ. ಅದಕ್ಕಾಗಿ ಖಾತೆಯನ್ನು ಮುಚ್ಚಿಲ್ಲ. ಮೂವರ ಸಹಿಯಿಲ್ಲದೆ ಹಣ ತೆಗೆಯುವಂತಿಲ್ಲ. ಪಾಸ್‌ಬುಕ್ಕೂ ನಡವಳಿ ಪುಸ್ತಕವೂ ನನ್ನ ಮನೆಯಲ್ಲಿವೆ. ಹಳೆಯ ಸದಸ್ಯರು ಯಾರೇ ಆಗಲಿ ಬಂದು ನೋಡಬಹುದು, ಆ ನಾಲ್ಕು ಖಾಲಿ ಹಾಳೆಗಳನ್ನೂ ಸೇರಿಸಿ.